ಆಯಿಲ್ ಚೇಂಜ್ ನಾವೇ ಮಾಡೋದಾ, ಗ್ಯಾರೇಜಿಗೇ ಬಿಡೋದಾ? ಗಾಡಿ ಇಟ್ಟವರು ಹೇಳಿ

ಭರಮಸಾಗರ ಪಿಕಪ್
ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಡೀಸೆಲ್ ಪಿಕಪ್, ಬಿಎಸ್-4 (ಹೊಗೆ ನಿಯಮದ ಹಿಂದಿನ ಹಂತ, ಈಗಿನದು ಬಿಎಸ್-6). ಈರುಳ್ಳಿ ಕಾಲದಲ್ಲಿ ಯಶವಂತಪುರ, ಆಮೇಲೆ ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆ ಎಪಿಎಂಸಿ, ಉಳಿದ ದಿನ ಸಿಕ್ಕ ಬಾಡಿಗೆ. ಇಷ್ಟು ವರ್ಷ ಆಯಿಲ್ ಚೇಂಜ್ ಅಂದರೆ ನನಗೆ ಗೊತ್ತಿದ್ದದ್ದು ಇಷ್ಟೇ: ಗಾಡಿ ಬಿಡುವುದು, ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುವುದು, ಬಿಲ್ ಕಟ್ಟಿ ಬರುವುದು.

ಹೋದ ವಾರ ಗುಯಿಲಾಳು ಟೋಲ್ ದಾಟಿ ಸ್ವಲ್ಪ ದೂರಕ್ಕೆ ಮುಂದಿನ ಟೈರ್ ಪಂಕ್ಚರ್ ಆಯಿತು. ಗೋಣಿಚೀಲ ಹಾಸಿ, ಜಾಕ್ ಇಡಲು ಕೆಳಗೆ ತೂರಿದೆ. ಮೊಬೈಲ್ ಬೆಳಕು ಹಾಗೇ ಆಯಿಲ್ ಫಿಲ್ಟರ್ ಮೇಲೆ ಬಿತ್ತು. ಅದರ ಮೇಲೆ ನೀಲಿ ಬಣ್ಣದ ಮೂರು ಗೆರೆ.

ಆ ಗೆರೆಯ ಕಥೆ ಹೇಳಲೇಬೇಕು. ಅಕ್ಟೋಬರ್‌ನಲ್ಲಿ ಆಯುಧಪೂಜೆಗೆ ಮುಂಚೆ ನಾನು, ನನ್ನ ತಮ್ಮ ಸೇರಿ ಚಾಸಿಗೆ ನೀಲಿ ಬಣ್ಣ ಹೊಡೆದಿದ್ದೆವು. ಬ್ರಷ್ ಕೊಡವಿದಾಗ ಮೂರು ಹನಿ ಫಿಲ್ಟರ್ ಮೇಲೆ ಬಿದ್ದು ಸಾಲಾಗಿ ಕೆಳಗಿಳಿದವು. ‘ಅಣ್ಣಾ, ಫಿಲ್ಟರಿಗೆ ನಾಮ ಹಾಕಿದ್ದೀಯಲ್ಲೋ’ ಅಂತ ತಮ್ಮ ನಕ್ಕಿದ್ದ. ಜನವರಿಯಲ್ಲಿ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿದ್ದೇವೆ ಅಂತ ಬಿಲ್ ಕೊಟ್ಟರು. ಫಿಲ್ಟರಿಗೇ 410 ರೂಪಾಯಿ. ಈಗ ಏಪ್ರಿಲ್. ನಾಮ ಇನ್ನೂ ಫಿಲ್ಟರ್ ಮೇಲೇ ಇದೆ. ನಿಜವಾಗಿ ನಾಮ ಬಿದ್ದದ್ದು ಯಾರಿಗೆ ಅಂತ ನೀವೇ ಹೇಳಿ.

ಯಾವ ಗ್ಯಾರೇಜ್ ಅಂತ ಕೇಳಬೇಡಿ, ಹೆಸರು ಹಾಕುವುದಿಲ್ಲ. ಜಗಳವೂ ಬೇಡ. ನನ್ನ ಪ್ರಶ್ನೆ ಒಂದೇ. ಇನ್ನು ಮೇಲೆ ಈ ಕೆಲಸ ನಾನೇ ಮಾಡಿಕೊಳ್ಳಬಹುದಾ? ಪಾನಾ ಹಿಡಿದು ಟೈರ್ ಬಿಚ್ಚಿದ್ದು ಬಿಟ್ಟರೆ ಬೇರೆ ಅನುಭವ ಇಲ್ಲ. ಎಷ್ಟು ಉಳಿಯುತ್ತದೆ? ಏನು ಕೆಡುತ್ತದೆ?


ಹದಡಿ ರಸ್ತೆ 407
ಸೋಮವಾರ, ರಾತ್ರಿ 9:40

ಹನ್ನೊಂದು ವರ್ಷದಿಂದ ನನ್ನ ಗಾಡಿಗೆ ನಾನೇ ಹಾಕುತ್ತಿದ್ದೇನೆ. ಮಾಡಬಹುದು. ವಿವರ ಆಮೇಲೆ ಬರೆಯುತ್ತೇನೆ, ಈಗ ಊಟಕ್ಕೆ ಕರೆಯುತ್ತಿದ್ದಾರೆ. ಮೊದಲು ಆ ಬಿಲ್ ಪೂರ್ತಿ ಇಲ್ಲಿ ಹಾಕಿ. ಆಯಿಲ್ ಎಷ್ಟು ಲೀಟರ್ ಅಂತ ಬರೆದಿದ್ದಾರೆ ನೋಡಿ.


ಭರಮಸಾಗರ ಪಿಕಪ್
ಸೋಮವಾರ, ರಾತ್ರಿ 9:58

ಆಯಿಲ್ 7 ಲೀಟರ್, ಲೀಟರಿಗೆ 395ರಂತೆ 2,765. ಫಿಲ್ಟರ್ 410. ಲೇಬರ್ 650. ‘ಕ್ಲೀನಿಂಗ್ ಇತ್ಯಾದಿ’ ಅಂತ 120. ಲೇಬರ್, ಕ್ಲೀನಿಂಗ್ ಎರಡರ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಒಟ್ಟು 4,084 ರೂಪಾಯಿ.


ಹದಡಿ ರಸ್ತೆ 407
ಸೋಮವಾರ, ರಾತ್ರಿ 10:31

ನಿಮ್ಮ ಮ್ಯಾನುಯಲ್‌ನಲ್ಲಿ ಫಿಲ್ಟರ್ ಸೇರಿ ಎಷ್ಟು ಲೀಟರ್ ಅಂತ ಇದೆ?


ಭರಮಸಾಗರ ಪಿಕಪ್
ಸೋಮವಾರ, ರಾತ್ರಿ 10:44

ಈಗ ಡ್ಯಾಶ್‌ಬೋರ್ಡ್ ಖಾನೆಯಿಂದ ತೆಗೆದು ನೋಡಿದೆ. ಆರೂವರೆ. ಫಿಲ್ಟರ್ ಬಿಚ್ಚೇ ಇಲ್ಲ ಅಂದ ಮೇಲೆ ಅಷ್ಟೂ ಹಿಡಿದಿರುವುದಿಲ್ಲ ಅಲ್ವಾ?


ಹತ್ತು ಟೈರ್
ಮಂಗಳವಾರ, ಬೆಳಿಗ್ಗೆ 6:05

ಹಿಡಿಯುವುದಿಲ್ಲ. ಹಳೇ ಫಿಲ್ಟರಿನ ಒಳಗೆ ಹಳೇ ಆಯಿಲ್ ತುಂಬಿಕೊಂಡೇ ಕೂತಿರುತ್ತದೆ. ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದ ತಕ್ಷಣ ಅದೂ ಇದೂ ಕಲೆತು ಹೋಯಿತು. ಸ್ನಾನ ಮಾಡಿ ಹಳೇ ಬಟ್ಟೆ ಹಾಕಿಕೊಂಡ ಹಾಗೆ.

ಲೆಕ್ಕ ಹೇಳುತ್ತೇನೆ. ಹೊರಗೆ ಅಂಗಡಿಯಲ್ಲಿ ನೀವೇ ತಂದರೆ ಲೀಟರಿಗೆ 380ರಂತೆ ಆರೂವರೆ ಲೀಟರಿಗೆ 2,470. ಫಿಲ್ಟರ್ 350, ಆಯಿಲ್ ಇಳಿಸಲು ಕೆಳಗಿರುವ ಡ್ರೈನ್ ಬೋಲ್ಟಿನ ವಾಷರ್ 20. ಒಟ್ಟು 2,840. ಉಳಿಯುವುದು 1,244. ವರ್ಷಕ್ಕೆ ಮೂರು ಸಲ ಅಂದರೂ ನಾಲ್ಕು ಸಾವಿರದ ಒಳಗೆ. ಒಂದು ಯಶವಂತಪುರ ಟ್ರಿಪ್ಪಿನ ಡೀಸೆಲ್ ಅಂದುಕೊಳ್ಳಿ. ಅಷ್ಟಕ್ಕೆ ಕೆಳಗೆ ಮಲಗಬೇಕಾ ಅನ್ನುವುದು ನಿಮಗೆ ಬಿಟ್ಟದ್ದು.

ನಮ್ಮಂಥವರಿಗೆ ಇದು ಪ್ರಶ್ನೆಯೇ ಅಲ್ಲ. ಹತ್ತು ಚಕ್ರದ ಹಳೇ ಲಾರಿ, ಇಂಜಿನ್ನಿಗೇ ಹದಿನೈದು ಲೀಟರ್ ಆಸುಪಾಸು ಬೇಕು. 20 ಲೀಟರ್ ಬಕೆಟ್ ತಂದು ಇಟ್ಟಿರುತ್ತೇವೆ. ಲೋಡು ಸಿಗುವ ತನಕ ಗಾಡಿ ಹೇಗೂ ನಿಂತಿರುತ್ತದೆ, ಡ್ರೈವರ್, ಕ್ಲೀನರ್ ಸೇರಿ ಮಾಡಿ ಮುಗಿಸುತ್ತಾರೆ. ದುಡ್ಡು ಉಳಿಸಲಿಕ್ಕೆ ಅಲ್ಲ. ಗ್ಯಾರೇಜಿನ ಸರದಿಯಲ್ಲಿ ಗಾಡಿ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.


ಗ್ಯಾರೇಜಿನವನು, ದುರ್ಗ
ಮಂಗಳವಾರ, ಬೆಳಿಗ್ಗೆ 8:20

ನಾನು ಈ ಕಡೆಯವನು. ಇಪ್ಪತ್ತು ವರ್ಷದಿಂದ ಕೈ ಕಪ್ಪು ಮಾಡಿಕೊಂಡಿದ್ದೇನೆ, ಅದಕ್ಕೆ ಎರಡು ಮಾತು.

ಮೊದಲನೆಯದು, ಪಿಕಪ್ ಅಣ್ಣನಿಗೆ ಆದದ್ದು ತಪ್ಪು. ಸಮರ್ಥನೆ ಇಲ್ಲ. ಬಿಲ್ ಮತ್ತೆ ಆ ಫಿಲ್ಟರಿನ ಫೋಟೋ ತೆಗೆದುಕೊಂಡು ಹೋಗಿ ಕೇಳಿ. ಜಗಳ ಬೇಡ, ಸುಮ್ನೆ ಮುಂದೆ ಇಡಿ.

ಎರಡನೆಯದು, 650 ಲೇಬರ್ ನೋಡಿ ಎಲ್ಲ ಗ್ಯಾರೇಜೂ ಹಾಗೇ ಅನ್ನಬೇಡಿ. ಪಿಕಪ್ ಆಯಿಲ್ ಬದಲಾಯಿಸಲು ನಾನು ತೆಗೆದುಕೊಳ್ಳುವುದು 250. ಗಾಡಿ ಗುಂಡಿ ಮೇಲೆ ನಿಂತ ಅರ್ಧ ಗಂಟೆಯಲ್ಲಿ ನನ್ನ ಕಣ್ಣು ಆಯಿಲ್ ಮೇಲಷ್ಟೇ ಇರುವುದಿಲ್ಲ. ಹೋದ ತಿಂಗಳು ಒಬ್ಬರ ಗಾಡಿಯಲ್ಲಿ ಸ್ಪ್ರಿಂಗ್ ಪ್ಲೇಟ್ ಬಿರುಕು ಬಿಟ್ಟದ್ದು ಕಂಡಿತು. ಮೇಲೆ ಇಪ್ಪತ್ತು ಕ್ವಿಂಟಲ್ ಜೋಳ. ಮನೆ ಅಂಗಳದಲ್ಲಿ ಮಾಡಿದ್ದರೆ ಡ್ರೈನ್ ಬೋಲ್ಟ್ ಬಿಟ್ಟು ಬೇರೆ ಏನೂ ನೋಡುತ್ತಿರಲಿಲ್ಲ. ಫ್ಯಾನ್ ಬೆಲ್ಟ್, ಸ್ಟೀರಿಂಗ್ ಬೂಟ್, ಬ್ರೇಕ್ ಪೈಪು, ಇವೆಲ್ಲ ಆ 250ರ ಒಳಗೇ ಬರುತ್ತವೆ.

ಒಂದು ಗುಟ್ಟೂ ಹೇಳಿಬಿಡುತ್ತೇನೆ. ಕೆಲವು ಕಂಪನಿಯ ಬಕೆಟ್ಟಿನಲ್ಲಿ ಮೆಕ್ಯಾನಿಕ್‌ಗೆ ಕೂಪನ್ ಇರುತ್ತದೆ. ‘ಇದೇ ಆಯಿಲ್ ಹಾಕಿಸಿ’ ಅಂತ ಯಾರಾದರೂ ಜಾಸ್ತಿ ಒತ್ತಾಯ ಮಾಡಿದರೆ ಅದು ಇಂಜಿನ್ ಮೇಲಿನ ಪ್ರೀತಿಯೋ ಕೂಪನ್ ಮೇಲಿನ ಪ್ರೀತಿಯೋ ಕೇಳಿಕೊಳ್ಳಿ. ನಾನೂ ಕೂಪನ್ ತೆಗೆದುಕೊಂಡವನೇ.


ಲೆಕ್ಕದ ಪುಸ್ತಕ, ಹರಿಹರ
ಮಂಗಳವಾರ, ಮಧ್ಯಾಹ್ನ 2:15

ಗಾಡಿ ಓಡಿಸುವುದು ನಮ್ಮ ಯಜಮಾನರು, ಲೆಕ್ಕ ಬರೆಯುವುದು ನಾನು. ನಮ್ಮದೂ ಪಿಕಪ್ಪೇ. ನಮಗೂ ಒಂದು ಸಲ ಹೀಗೇ ಅನುಮಾನ ಬಂದಿತ್ತು, ಆದರೆ ನಿಮ್ಮ ಹಾಗೆ ನಾಮದ ಸಾಕ್ಷಿ ಇರಲಿಲ್ಲ.

ಆಮೇಲಿಂದ ಹೀಗೆ ಮಾಡುತ್ತೇವೆ. ಆಯಿಲ್, ಫಿಲ್ಟರ್ ನಾವೇ ತರುತ್ತೇವೆ. ಮನೆಯಲ್ಲೇ ಹೊಸ ಫಿಲ್ಟರ್ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ತಾರೀಖು, ಕಿ.ಮೀ. ಬರೆಯುತ್ತೇನೆ. ಯಜಮಾನರು ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಲ್ಲುತ್ತಾರೆ, ಹಳೇ ಫಿಲ್ಟರ್ ವಾಪಸ್ ತರುತ್ತಾರೆ. ಅದನ್ನು ಮುಂದಿನ ಸಲದ ತನಕ ಎಸೆಯುವುದಿಲ್ಲ. ಕೈ ಕಪ್ಪಾಗುವುದಿಲ್ಲ, ಮೋಸವೂ ಇಲ್ಲ.

ಇನ್ನೊಂದು. ಆಯಿಲ್ ಖಾಲಿ ಆದ ಕ್ಯಾನು ಹಾಗೇ ಗುಜರಿಗೆ ಕೊಡಬೇಡಿ. ಒಳ್ಳೆ ಕಂಪನಿಯ ಖಾಲಿ ಕ್ಯಾನಿಗೆ ಬೇರೆಯೇ ಗಿರಾಕಿ ಇರುತ್ತಾರೆ, ಅದರಲ್ಲಿ ಏನೇನೋ ತುಂಬಿ ಮತ್ತೆ ಮಾರುತ್ತಾರೆ. ನಾನು ಕುಡುಗೋಲಿನಲ್ಲಿ ಒಂದು ಏಟು ಹಾಕಿಯೇ ಆಚೆ ಬಿಸಾಡುವುದು.


ಬಿಎಸ್-6 ತಲೆನೋವು
ಮಂಗಳವಾರ, ಸಂಜೆ 6:50

ನನ್ನ ಗಾಡಿ 2021ರದು. 2020ರ ಏಪ್ರಿಲ್ ಆದಮೇಲೆ ಬಂದ ಗಾಡಿ ಇರುವವರು ಇಲ್ಲಿ ಓದಿ ಉತ್ಸಾಹಕ್ಕೆ ಪಾನಾ ಹಿಡಿಯಬೇಡಿ. ನಮ್ಮ ಕಥೆ ಬೇರೆ.

ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅಂತ ಒಂದು ಇದೆ. ಮಸಿ ಬಿಸಿಗೆ ಉರಿದು ಹೋಗುತ್ತದೆ. ಆದರೆ ಆಯಿಲ್ ಉರಿದಾಗ ಉಳಿಯುವ ಬೂದಿ ಉರಿಯುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೇ ಕಡಿಮೆ ಬೂದಿ ಬಿಡುವ ಆಯಿಲ್ ಬೇಕು. ಡಬ್ಬಿ ಮೇಲೆ ದರ್ಜೆ ಸಿಕೆ-4 ಅಂತಲೋ, ಮ್ಯಾನುಯಲ್ ಏನು ಹೇಳುತ್ತದೋ ಅದೇ. ಹಳೇ ಸಿಐ-4 ಅಗ್ಗಕ್ಕೆ ಸಿಕ್ಕಿತು ಅಂತ ಸುರಿದರೆ ಅವತ್ತಿಗೆ ಏನೂ ಆಗುವುದಿಲ್ಲ. ಮುಂದೊಂದು ದಿನ ಡಿಪಿಎಫ್ ಕಟ್ಟಿಕೊಂಡಾಗ ಬರುವ ಬಿಲ್ ಮುಂದೆ ನಿಮ್ಮ 4,084 ಕಡಲೆಪುರಿ.

ಇನ್ನೊಂದು ವಿಚಿತ್ರ. ನಮ್ಮ ಗಾಡಿಯಲ್ಲಿ ಆಯಿಲ್ ಕಡಿಮೆ ಆಗುವುದು ಬಿಡಿ, ಒಮ್ಮೊಮ್ಮೆ ಮಟ್ಟ ಏರುತ್ತದೆ! ಮಸಿ ಸುಡಲು ಇಂಜಿನ್ ಜಾಸ್ತಿ ಡೀಸೆಲ್ ಬಿಡುತ್ತದೆ. ಊರೊಳಗಿನ ಚಿಕ್ಕ ಚಿಕ್ಕ ಓಡಾಟದಲ್ಲಿ ಆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಉರಿಯದ ಡೀಸೆಲ್ ಸ್ವಲ್ಪ ಸ್ವಲ್ಪವೇ ಆಯಿಲ್‌ಗೆ ಇಳಿಯುತ್ತದೆ. ಗೇಜಿನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲಿನ ಗೆರೆ ದಾಟಿದ್ದು ನೋಡಿ ‘ಪರವಾಗಿಲ್ಲ, ತುಂಬಾ ಇದೆ’ ಅಂತ ನಾನು ಎರಡು ವಾರ ಸುಮ್ಮನಿದ್ದೆ. ಮೂಸಿ ನೋಡಿದಾಗ ಡೀಸೆಲ್ ವಾಸನೆ.

ವಾರಂಟಿ ಇರುವ ತನಕ ಕಂಪನಿ ಸರ್ವಿಸ್ಸೇ ಮಾಡಿಸಿ, ಪ್ರತಿ ಬಿಲ್ ಇಟ್ಟುಕೊಳ್ಳಿ. ಇಂಜಿನ್‌ಗೆ ಏನಾದರೂ ಆದಾಗ ಮೊದಲು ಕೇಳುವುದೇ ಸರ್ವಿಸ್ ದಾಖಲೆ.


ಹತ್ತು ಟೈರ್
ಮಂಗಳವಾರ, ರಾತ್ರಿ 7:30

ಕಡಲೆಪುರಿ ಅಂದರೆ ದಾವಣಗೆರೆಯವರಿಗೆ ಕೋಪ ಬರುತ್ತದೆ ಗುರುವೇ. ನಮ್ಮೂರಲ್ಲಿ ಅದು ಮಂಡಕ್ಕಿ.


ಹದಡಿ ರಸ್ತೆ 407
ಮಂಗಳವಾರ, ರಾತ್ರಿ 9:25

ಹೂಂ, ಈಗ ಪುರುಸೊತ್ತಾಯಿತು. ಪಿಕಪ್ ಅಣ್ಣ, ನಿಧಾನವಾಗಿ ಓದಿ. ಬಿಎಸ್-6 ಅಣ್ಣ ಹೇಳಿದ್ದು ಸರಿ, ನಾನು ಬರೆಯುತ್ತಿರುವುದು ನಮ್ಮ ನಿಮ್ಮಂಥ ಹಳೇ ಗಾಡಿಗೆ.

ಗಾಡಿ ಸಮ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್, ಗೇರ್, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು. ಪಿಕಪ್ ಎತ್ತರ ಸಾಕು, ಜಾಕ್ ಬೇಡವೇ ಬೇಡ. ಜಾಕ್ ಒಂದನ್ನೇ ನಂಬಿ ಕೆಳಗೆ ಮಲಗುವವರನ್ನು ಕಂಡರೆ ನನಗೆ ಹೊಟ್ಟೆ ತೊಳೆಸುತ್ತದೆ.

ಹತ್ತು ನಿಮಿಷ ಓಡಿಸಿ ತಂದು, ಮತ್ತೆ ಹತ್ತು ಹದಿನೈದು ನಿಮಿಷ ಬಿಡಿ. ಆಯಿಲ್ ಬೆಚ್ಚಗಿದ್ದರೆ ಕಸ ಸಮೇತ ಇಳಿಯುತ್ತದೆ. ತಣ್ಣಗಿದ್ದರೆ ಜೋನಿಬೆಲ್ಲದ ಹಾಗೆ ಜಿನುಗುತ್ತದೆ, ಅರ್ಧ ಚೇಂಬರ್‌ನಲ್ಲೇ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಉಳಿಯುತ್ತದೆ. ಹಾಗಂತ ಬೆಂಗಳೂರಿಂದ ಬಂದ ಕೂಡಲೇ ಬಿಚ್ಚಬೇಡಿ. ಮೊದಲ ವರ್ಷ ನಾನು ಹಾಗೆ ಮಾಡಿ ಮೊಣಕೈ ತನಕ ಸುಟ್ಟುಕೊಂಡೆ. ಬೋಲ್ಟ್ ಕೊನೇ ಸುತ್ತಿಗೆ ಬಂದಾಗ ಕೈ ಪಕ್ಕಕ್ಕೆ ಇಟ್ಟುಕೊಂಡು ಬಿಡಿಸಬೇಕು, ಆಯಿಲ್ ನೇರ ಕೆಳಗೆ ಬೀಳುವುದಿಲ್ಲ, ಮುಂದಕ್ಕೆ ಚಿಮ್ಮುತ್ತದೆ.

ಡ್ರೈನ್ ಬೋಲ್ಟಿಗೆ ರಿಂಗ್ ಪಾನಾ ಇಲ್ಲವೇ ಬಾಕ್ಸ್ ಪಾನಾ. ಸ್ಕ್ರೂ ಪಾನಾ ಮುಟ್ಟಬೇಡಿ, ತಲೆ ಸವೆದು ಉಂಡೆ ಆಗುತ್ತದೆ. ಕೆಳಗೆ ಮಲಗಿದಾಗ ಬಿಡಿಸುವುದು ಯಾವ ಕಡೆ, ಬಿಗಿಯುವುದು ಯಾವ ಕಡೆ ಅಂತ ಎಂಥವರಿಗೂ ತಲೆ ಕೆಡುತ್ತದೆ. ಬೋಲ್ಟಿನ ತಲೆಗೆ ಮುಖ ಕೊಟ್ಟು ನೋಡಿ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ಬಿಡಿಸುತ್ತೇನೆ ಅಂತ ಬಿಗಿದು ಥ್ರೆಡ್ ಕಿತ್ತವರು ಇದ್ದಾರೆ. ಆಮೇಲೆ ಚೇಂಬರ್ ಇಳಿಸಬೇಕು. ಉಳಿಸಿದ್ದೆಲ್ಲ ಅಲ್ಲೇ ಹೋಯಿತು.

ಇಳಿದ ಆಯಿಲ್ ಬೆರಳಿಗೆ ತಗೊಂಡು ನೋಡಿ. ನನಗೆ ಈ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇದೇ. ಬೆರಳ ಮಧ್ಯೆ ಉಜ್ಜಿದರೆ ನುಣ್ಣಗಿರಬೇಕು. ಬೋಲ್ಟಿಗೆ ಮ್ಯಾಗ್ನೆಟ್ ಇದ್ದರೆ ಅದಕ್ಕೆ ಕಾಡಿಗೆಯ ಹಾಗೆ ತೆಳ್ಳಗೆ ಅಂಟಿರುತ್ತದೆ, ಅದು ಮಾಮೂಲು. ಕಣ್ಣಿಗೆ ಕಾಣುವ ಚೂರು, ಹೊಳೆಯುವ ಚಕ್ಕೆ ಕಂಡರೆ ಬೇರಿಂಗ್ ಕೂಗುತ್ತಿದೆ ಅಂತ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ರೇಡಿಯೇಟರ್ ನೀರು ಸೇರಿದೆ. ಎರಡರಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ. 2016ರಲ್ಲಿ ನನಗೆ ಚಕ್ಕೆ ಕಂಡಿತ್ತು. ಬೇರಿಂಗ್‌ನಲ್ಲೇ ಮುಗಿಯಿತು, ಇಂಜಿನ್ ತಿರುಗಿಸುವ ದಂಡ ಕ್ರ್ಯಾಂಕ್ ಉಳಿಯಿತು. ಗ್ಯಾರೇಜಿನ ಎದುರು ಚಹಾ ಕುಡಿಯುತ್ತಾ ಕೂತಿದ್ದರೆ ಅದು ನನಗೆ ಕಾಣುತ್ತಿರಲಿಲ್ಲ.

ಫಿಲ್ಟರ್. ಹಳೇದು ಬಿಚ್ಚಿದ ಮೇಲೆ ಅದರ ರಬ್ಬರ್ ರಿಂಗ್ ಫಿಲ್ಟರ್ ಜೊತೆಗೇ ಬಂತಾ ನೋಡಿ. ಕೆಲವು ಸಲ ಇಂಜಿನ್ನಿಗೇ ಅಂಟಿ ಉಳಿದಿರುತ್ತದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ಎರಡು ರಬ್ಬರ್ ಆಗಿ, ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಕಾರಂಜಿ. ಹೊಸ ರಬ್ಬರಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ. ಬಾಯಿ ಮೇಲೆ ಮಾಡಿ ಕೂರುವ ಫಿಲ್ಟರ್ ಆದರೆ ಒಳಗೂ ಆಯಿಲ್ ತುಂಬಿ. ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಪಾನಾ ಬಿಚ್ಚಲು ಮಾತ್ರ, ಹಾಕಲು ಅಲ್ಲ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್. ಮರೆಯಬೇಡಿ.

ಆಯಿಲ್ ಹಾಕುವಾಗ ಅರ್ಧ ಲೀಟರ್ ಕೈಯಲ್ಲಿ ಉಳಿಸಿಕೊಳ್ಳಿ. ಸ್ಟಾರ್ಟ್ ಮಾಡಿ, ಆಯಿಲ್ ದೀಪ ಆರುವ ತನಕ ಆಕ್ಸಿಲರೇಟರ್ ಮುಟ್ಟಬೇಡಿ. ಟರ್ಬೊ ಇದೆ, ಒಣ ಬೇರಿಂಗ್ ಮೇಲೆ ತಿರುಗಿದರೆ ಅದಕ್ಕೆ ಆಯುಷ್ಯ ಕಡಿಮೆ. ಎರಡು ನಿಮಿಷ ಬಿಟ್ಟು ಆಫ್ ಮಾಡಿ, ಹತ್ತು ನಿಮಿಷ ಕಾದು ಗೇಜು ನೋಡಿ, ಬೇಕಾದಷ್ಟೇ ಹಾಕಿ. ಮೇಲಿನ ಗೆರೆ ದಾಟಬಾರದು. ಜಾಸ್ತಿ ಆದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ. ನೊರೆಯಲ್ಲಿ ಪ್ರೆಶರ್ ನಿಲ್ಲುವುದಿಲ್ಲ.

ಇಷ್ಟೇ. ಮೊದಲ ಸಲ ಎರಡು ಗಂಟೆ, ಆಮೇಲೆ ಮುಕ್ಕಾಲು ಗಂಟೆ.


ಎಣ್ಣೆ ಊರಿನವನು
ಮಂಗಳವಾರ, ರಾತ್ರಿ 10:02

ಎಣ್ಣೆ ವಿಷಯ ಬಂದ ಮೇಲೆ ಚಳ್ಳಕೆರೆಯವನು ಸುಮ್ಮನಿರಲು ಆಗುತ್ತದಾ? ನಮ್ಮದು ಶೇಂಗಾ ಎಣ್ಣೆ, ನಿಮ್ಮದು ಇಂಜಿನ್ ಎಣ್ಣೆ, ಡಬ್ಬಾ ಮಾತ್ರ ಒಂದೇ ಸಾಕು.

ಆಯಿಲ್ ಹಿಡಿಯಲು ಅಂಗಡಿಯ ಟ್ರೇ ಬೇಡ. 15 ಕೆಜಿ ಎಣ್ಣೆ ಡಬ್ಬಾ ಖಾಲಿ ಆದದ್ದು ತಗೊಂಡು ಅಡ್ಡ ಮಲಗಿಸಿ. ಮೇಲಕ್ಕೆ ಬಂದ ಅಗಲದ ಮುಖವನ್ನು ಕತ್ತರಿಸಿ ತೆಗೆಯಿರಿ, ಅಂಚನ್ನು ಇಕ್ಕಳದಲ್ಲಿ ಒಳಕ್ಕೆ ಮಡಚಿ. ಮೂಲೆಯ ಬಾಯಿ ಹಾಗೇ ಇರಲಿ, ಆಮೇಲೆ ಕ್ಯಾನಿಗೆ ಬಗ್ಗಿಸಲು ಅದೇ ಕೊಳವೆ. ಪಿಕಪ್ ಆಯಿಲ್ ಪೂರ್ತಿ ಹಿಡಿದೂ ಜಾಗ ಉಳಿಯುತ್ತದೆ.

ಮನೆಯಲ್ಲಿ ಹೇಳಿ ಇಡಿ. ನಮ್ಮ ಅವ್ವ ಅದನ್ನೇ ತೊಳೆದು ಜೋಳ ಹಸನು ಮಾಡಲು ಹೊರಟಿದ್ದಳು.


ಬೋರ್‌ವೆಲ್ ಪಕ್ಕದ ಮನೆ, ಹೊಳಲ್ಕೆರೆ
ಬುಧವಾರ, ಬೆಳಿಗ್ಗೆ 7:10

ಎಲ್ಲರೂ ಆಯಿಲ್ ಇಳಿಸುವುದು ಹೇಳಿದಿರಿ. ಇಳಿಸಿದ್ದನ್ನು ಎಲ್ಲಿ ಹಾಕುತ್ತೀರಿ ಅಂತ ಒಬ್ಬರೂ ಹೇಳಲಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಟ್ರ್ಯಾಕ್ಟರ್ ಆಯಿಲ್ ಬದಲಾಯಿಸಿ ಬೇಲಿ ಪಕ್ಕ ಸುರಿದರು. ಬೇಲಿಯಿಂದ ಹತ್ತು ಮಾರು ಆಚೆ ನಮ್ಮ ಬೋರ್. ಮಳೆ ಬಂದಾಗ ಗುಂಡಿಯ ನೀರಿನ ಮೇಲೆ ನವಿಲುಗರಿ ಬಣ್ಣ ಹರಡಿತು. ಚೆಂದ ಕಂಡಿತು ಅಂತ ಮಕ್ಕಳು ಕೋಲು ಹಾಕಿ ಆಡುತ್ತಿದ್ದವು. ಆ ಜಾಗದಲ್ಲಿ ಎರಡು ವರ್ಷ ಆದರೂ ಹುಲ್ಲು ಹುಟ್ಟಿಲ್ಲ. ಮೊದಲೇ ನಮ್ಮ ಸೀಮೆಯಲ್ಲಿ ನೀರು ಎಲ್ಲಿ ಸಿಗುತ್ತದೆ, ಎಷ್ಟು ಅಡಿಗೆ ಸಿಗುತ್ತದೆ ಅಂತ ನಿಮಗೇ ಗೊತ್ತು.


ಗ್ಯಾರೇಜಿನವನು, ದುರ್ಗ
ಬುಧವಾರ, ಬೆಳಿಗ್ಗೆ 8:45

ಒಳ್ಳೆ ಪ್ರಶ್ನೆ ಅಣ್ಣ. ಹಳೇ ಆಯಿಲ್ ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯ. 2016ರ ನಿಯಮದಲ್ಲೇ ಇದೆ, ಅದು ಪರವಾನಗಿ ಇರುವ ಮರುಬಳಕೆ ಘಟಕಕ್ಕೇ ಹೋಗಬೇಕು. 2024ರ ಏಪ್ರಿಲ್‌ನಿಂದ ಆಯಿಲ್ ಮಾಡುವ ಕಂಪನಿಗಳ ಮೇಲೂ ಹಳೇ ಆಯಿಲ್ ವಾಪಸ್ ಹೋಗಿ ಮರುಬಳಕೆ ಆಗುವ ಹಾಗೆ ನೋಡುವ ಹೊಣೆ ಹಾಕಿದ್ದಾರೆ.

ನಮ್ಮಲ್ಲಿ ಬ್ಯಾರೆಲ್ ಇಟ್ಟಿದ್ದೇವೆ, ತುಂಬಿದಾಗ ಬಂದು ಅಳೆದು ಒಯ್ಯುತ್ತಾರೆ, ಲೀಟರಿಗೆ ಮೂವತ್ತರ ಆಸುಪಾಸು ಕೊಡುತ್ತಾರೆ. ಮನೆಯಲ್ಲಿ ಮಾಡುವವರು ಕ್ಯಾನಿನಲ್ಲಿ ತುಂಬಿ ಹತ್ತಿರದ ಗ್ಯಾರೇಜಿಗೆ ಕೊಡಿ. ಯಾರೂ ಬೇಡ ಅನ್ನುವುದಿಲ್ಲ. ನೀರು, ಕೂಲಂಟ್ ಬೆರೆಸಬೇಡಿ, ಬೆರೆತರೆ ತೆಗೆದುಕೊಳ್ಳುವುದಿಲ್ಲ. ಫಿಲ್ಟರನ್ನೂ ಒಂದು ರಾತ್ರಿ ಬೋರಲು ಹಾಕಿ ಬಸಿಯಿರಿ.

ಸೆಂಟ್ರಿಂಗ್ ಶೀಟಿಗೆ ಸವರುವವರು, ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ ಬಳಿಯುವವರು ಇದ್ದಾರೆ, ಗೊತ್ತು. ನಮ್ಮಪ್ಪನೂ ದನದ ಕೊಟ್ಟಿಗೆಯ ಕಂಬಕ್ಕೆ ಬಳಿಯುತ್ತಿದ್ದ. ಇಂಜಿನ್ ಒಳಗೆ ಬೆಂದ ಆಯಿಲ್‌ನಲ್ಲಿ ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ. ದನ ನೆಕ್ಕುವ ಕಂಬಕ್ಕೆ ಬೇಡ.


ಹೊಸ ಡ್ರೈವರ್
ಬುಧವಾರ, ಮಧ್ಯಾಹ್ನ 1:30

ಅಣ್ಣಂದಿರೇ, ಒಂದು ದಡ್ಡ ಪ್ರಶ್ನೆ. ನಮ್ಮ ಗಾಡಿಗೆ ಆಯಿಲ್ ಹಾಕಿಸಿ ಮೂರೇ ದಿನಕ್ಕೆ ಕಪ್ಪಾಗಿದೆ. ಮೋಸ ಆಯಿತಾ? ಸ್ವಲ್ಪ ಡೀಸೆಲ್ ಹಾಕಿ ಇಂಜಿನ್ ತೊಳೆದು ಹೊಸದು ಹಾಕು ಅಂತ ಒಬ್ಬರು ಹೇಳಿದರು.


ಗ್ಯಾರೇಜಿನವನು, ದುರ್ಗ
ಬುಧವಾರ, ಮಧ್ಯಾಹ್ನ 1:52

ಮೋಸ ಅಲ್ಲ ತಮ್ಮ. ಡೀಸೆಲ್ ಇಂಜಿನ್ನಿನ ಮಸಿಯನ್ನು ತನ್ನೊಳಗೆ ಹಿಡಿದು ತೇಲಿಸಿಕೊಂಡು ಇರುವುದೇ ಆಯಿಲ್ ಕೆಲಸ. ಕಪ್ಪಾಯಿತು ಅಂದರೆ ಕೆಲಸ ಮಾಡುತ್ತಿದೆ ಅಂತ. ಬಣ್ಣ ನೋಡಿ ಬದಲಾಯಿಸಬೇಡ, ಕಿ.ಮೀ. ನೋಡು, ಕಿ.ಮೀ. ಆಗದಿದ್ದರೆ ತಿಂಗಳು ನೋಡು. ಎರಡೂ ಮ್ಯಾನುಯಲ್‌ನಲ್ಲಿದೆ.

ಡೀಸೆಲ್ ಹಾಕಿ ತೊಳೆಯುವುದು ಬೇಡವೇ ಬೇಡ. ಡೀಸೆಲ್‌ಗೆ ಆಯಿಲ್‌ನ ಜಾರು ಇಲ್ಲ. ಬೇರಿಂಗ್ ಒಣಗಿ ತಿರುಗುತ್ತದೆ. ಪೂರ್ತಿ ಇಳಿಯುವುದೂ ಇಲ್ಲ, ಉಳಿದದ್ದು ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತದೆ.


ಹತ್ತು ಟೈರ್
ಬುಧವಾರ, ಮಧ್ಯಾಹ್ನ 3:15

ಕಿ.ಮೀ. ಲೆಕ್ಕದಲ್ಲೂ ಒಂದು ಸೂಕ್ಷ್ಮ ಇದೆ. ಜೋಳದ ಕಾಲದಲ್ಲಿ ಎಪಿಎಂಸಿ ಸರದಿಯಲ್ಲಿ ಇಂಜಿನ್ ಆನ್ ಇಟ್ಟು ಗಂಟೆಗಟ್ಟಲೆ ನಿಲ್ಲುತ್ತೇವೆ. ಮೀಟರ್ ಓಡುವುದಿಲ್ಲ, ಆಯಿಲ್ ಮಾತ್ರ ಸವೆಯುತ್ತಲೇ ಇರುತ್ತದೆ. ಆ ಸೀಸನ್ನಿನಲ್ಲಿ ನಾನು ಸ್ವಲ್ಪ ಮುಂಚೆಯೇ ಬದಲಾಯಿಸುತ್ತೇನೆ.

ಧೂಳಿನಲ್ಲಿ ಓಡಿಸುವವರು, ಹೊಲದ ದಾರಿ, ಕ್ರಷರ್, ಗಣಿ ಕಡೆ ಹೋಗುವವರು ಆಯಿಲ್‌ಗಿಂತ ಮೊದಲು ಏರ್ ಫಿಲ್ಟರ್ ನೋಡಿ. ಅದರ ಪೈಪು ಎಲ್ಲಾದರೂ ಸೀಳಿದ್ದರೆ ಧೂಳು ನೇರ ಸಿಲಿಂಡರಿಗೆ, ಅಲ್ಲಿಂದ ಆಯಿಲ್‌ಗೆ. ಎಂಥ ದುಬಾರಿ ಆಯಿಲ್ ಹಾಕಿದರೂ ಅದು ಮರಳು ಕಾಗದ.


ಭರಮಸಾಗರ ಪಿಕಪ್
ಗುರುವಾರ, ರಾತ್ರಿ 9:05

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗ್ಯಾರೇಜಿನವರು ಹೇಳಿದ ಹಾಗೆ ಬಿಲ್ಲು, ಫೋಟೋ ತಗೊಂಡು ಹೋಗಿದ್ದೆ. ಮಾಲೀಕರು ಫೋಟೋ ನೋಡಿದರು, ಮತ್ತೆ ಕೆಳಗೆ ಬಗ್ಗಿ ನಿಜವಾದ ಫಿಲ್ಟರನ್ನೂ ನೋಡಿದರು. ಹುಡುಗ ಮರೆತಿರಬೇಕು ಅಂದರು. 410 ರೂಪಾಯಿ ವಾಪಸ್ ಕೊಟ್ಟರು. ಮರೆತದ್ದಾ, ಬೇಕಂತಲೇ ಬಿಟ್ಟದ್ದಾ ನನಗೆ ಇನ್ನೂ ಗೊತ್ತಿಲ್ಲ. ಹುಡುಗ ಅಲ್ಲೇ ತಲೆ ಬಗ್ಗಿಸಿ ನಿಂತಿದ್ದ. ಹದಿನೇಳು ಹದಿನೆಂಟು ವರ್ಷ ಇರಬಹುದು. ಜಾಸ್ತಿ ಮಾತಾಡಲು ಮನಸ್ಸು ಬರಲಿಲ್ಲ.

ಭಾನುವಾರ ನಾನೇ ಮಾಡುತ್ತೇನೆ. ಸಾಮಾನು ತಂದಾಯಿತು. ಆಯಿಲ್ ದಪ್ಪ 15ಡಬ್ಲ್ಯು-40, ದರ್ಜೆ ಸಿಐ-4 ಪ್ಲಸ್. 5 ಲೀಟರಿನ ಒಂದು ಕ್ಯಾನು, 1 ಲೀಟರಿನವು ಎರಡು.


ಭರಮಸಾಗರ ಪಿಕಪ್
ಭಾನುವಾರ, ಮಧ್ಯಾಹ್ನ 1:40

ಮುಗಿಯಿತು! ಬೆಳಿಗ್ಗೆ ಎಂಟಕ್ಕೆ ಶುರು, ಹತ್ತೂವರೆಗೆ ಕೈ ತೊಳೆದೆ. ಅರ್ಧ ಸಮಯ ಫಿಲ್ಟರ್ ಬಿಚ್ಚುವುದಕ್ಕೇ ಹೋಯಿತು, ಒಂದೂವರೆ ವರ್ಷದಿಂದ ಅಲ್ಲೇ ಕೂತಿತ್ತೋ ಏನೋ. ಕೈಯಲ್ಲಿ ಜಾರುತ್ತಿತ್ತು. ಕೊನೆಗೆ ತಮ್ಮ ಸೈಕಲ್ ಟ್ಯೂಬ್ ತುಂಡು ಸುತ್ತಿ ತಿರುಗಿಸಿದ, ಬಂತು. ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿತ್ತು! 407 ಅಣ್ಣ ಹೇಳದೇ ಇದ್ದಿದ್ದರೆ ಅದರ ಮೇಲೇ ಕೂರಿಸುತ್ತಿದ್ದೆ.

ಆಯಿಲ್ ಬೆರಳಲ್ಲಿ ಉಜ್ಜಿ ನೋಡಿದೆ. ನುಣ್ಣಗಿದೆ. ಡಬ್ಬಾ ಐಡಿಯಾ ಸೂಪರ್, ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಗೇಜಿನಲ್ಲಿ ಎರಡು ಗೆರೆಯ ಮಧ್ಯೆ, ಮೇಲಿನದಕ್ಕೆ ಹತ್ತಿರ. ಹರಿಹರದ ಅಕ್ಕ ಹೇಳಿದ ಹಾಗೆ ಹೊಸ ಫಿಲ್ಟರ್ ಮೇಲೆ ತಾರೀಖು, ಕಿ.ಮೀ. ಬರೆದೆವು. ತಮ್ಮ ಮಾರ್ಕರ್ ಕಸಿದುಕೊಂಡು ಪಕ್ಕದಲ್ಲಿ ಮೂರು ಗೆರೆ ನಾಮಾನೂ ಎಳೆದ.

ನಿಜ ಹೇಳಬೇಕು ಅಂದರೆ ದುಡ್ಡಿಗಿಂತ ಜಾಸ್ತಿ, ಸ್ಟಾರ್ಟ್ ಮಾಡಿದಾಗ ಆ ಕೆಂಪು ದೀಪ ಆರುವ ತನಕದ ನಾಲ್ಕು ಸೆಕೆಂಡು ಇತ್ತಲ್ಲ, ಅದನ್ನು ಮರೆಯುವುದಿಲ್ಲ.


ಹದಡಿ ರಸ್ತೆ 407
ಭಾನುವಾರ, ಮಧ್ಯಾಹ್ನ 2:30

ಭೇಷ್! ಇವತ್ತು ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ ಇಡಿ. ಬೆಳಿಗ್ಗೆ ನೋಡಿ.


ಭರಮಸಾಗರ ಪಿಕಪ್
ಸೋಮವಾರ, ಬೆಳಿಗ್ಗೆ 6:25

ರಟ್ಟಿನ ಮೇಲೆ ಎಂಟಾಣೆ ಅಗಲದ ಒಂದು ಕಲೆ ಇದೆ. ಡ್ರೈನ್ ಬೋಲ್ಟಿನ ನೇರಕ್ಕೆ. ಬೋಲ್ಟಿನ ತುದಿಯಲ್ಲಿ ಒಂದು ಹನಿ ನಿಂತಿದೆ, ಬೀಳುತ್ತಿಲ್ಲ. ಇನ್ನೊಂದು ಸ್ವಲ್ಪ ಟೈಟ್ ಮಾಡಲಾ?


ಗ್ಯಾರೇಜಿನವನು, ದುರ್ಗ
ಸೋಮವಾರ, ಬೆಳಿಗ್ಗೆ 6:40

ಮಾಡಬೇಡಿ. ಹೊಸ ವಾಷರ್ ಹಾಕಿದ್ದೀರಾ?


ಭರಮಸಾಗರ ಪಿಕಪ್
ಸೋಮವಾರ, ಬೆಳಿಗ್ಗೆ 6:58

ನಿನ್ನೆಯ ಅಂಗಿ ಜೇಬಿನಲ್ಲಿ ಇದೆ. ಬಟ್ಟೆ ನೆನೆ ಹಾಕುವಾಗ ಮನೆಯವರು ತೆಗೆದು ಕಿಟಕಿ ಮೇಲೆ ಇಟ್ಟಿದ್ದಾರೆ.


ಗ್ಯಾರೇಜಿನವನು, ದುರ್ಗ
ಸೋಮವಾರ, ಬೆಳಿಗ್ಗೆ 7:03

ಅದನ್ನು ತಗೊಂಡು ಗಾಡಿ ತನ್ನಿ ಅಣ್ಣ. ಜೊತೆಗೆ ತೊಳೆದು ಒಣಗಿಸಿದ ಡಬ್ಬಾ ಒಂದು ತನ್ನಿ. ಆಯಿಲ್ ಅದರೊಳಗೆ ಇಳಿಸಿಕೊಂಡು, ವಾಷರ್ ಹಾಕಿ, ಅದೇ ಆಯಿಲ್ ವಾಪಸ್ ಹಾಕೋಣ. ಬರುವಾಗ ಗೇಜು ಒಂದು ಸಲ ನೋಡಿಕೊಂಡು ಹೊರಡಿ.


ಭರಮಸಾಗರ ಪಿಕಪ್
ಸೋಮವಾರ, ಬೆಳಿಗ್ಗೆ 7:05

ಲೇಬರ್ ಎಷ್ಟು ಅಣ್ಣ?


ಗ್ಯಾರೇಜಿನವನು, ದುರ್ಗ
ಸೋಮವಾರ, ಬೆಳಿಗ್ಗೆ 7:06

250.